ಇಂಜಿನ್ ಲೈಟ್ ಹತ್ತಿದೆ, ಯಾವ ಸ್ಕ್ಯಾನರ್ ಕೊಳ್ಳಲಿ?

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಕಾರಿನ ತೊಂದರೆ ಕೋಡ್ ಓದುವ ಸ್ಕ್ಯಾನರ್ ಬಗ್ಗೆಯೇ ಇವೆ. ಹಾಗಾಗಿ ಟೈರು, ಮೈಲೇಜು ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಕಾರು. ಹಳದಿ ಇಂಜಿನ್ ಲೈಟ್ ಬಂತು ಅಂತ ಗ್ಯಾರೇಜಿಗೆ ಹೋದೆ. ಸ್ಕ್ಯಾನರ್ ಹಾಕಿ ಲೈಟ್ ಆರಿಸಿ ದುಡ್ಡು ತಗೊಂಡರು, ಏನಾಗಿತ್ತು ಅಂತ ಮಾತ್ರ ಹೇಳಲಿಲ್ಲ. ಒಂದು ವಾರದೊಳಗೆ ಮತ್ತೆ ಲೈಟ್. ಆಯಿಲ್, ಫಿಲ್ಟರ್, ಪ್ಲಗ್ ಎಲ್ಲ ನಾನೇ ಮನೆಯಲ್ಲಿ ಬದಲಿಸುತ್ತೇನೆ. ಸ್ಕ್ಯಾನರ್ ಒಂದನ್ನು ಕೊಳ್ಳೋಣ ಅಂದರೆ ಕೆಲವು ನೂರು ರೂಪಾಯಿಯಿಂದ ಹತ್ತಾರು ಸಾವಿರದವರೆಗೆ ಇದೆ. ಯಾವುದು ಸಾಕು? (ಬಸವೇಶ್ವರನಗರದ ಓದುಗರು)

ಉತ್ತರ: 2014 ಅಂದಿರಲ್ಲ, ಅರ್ಧ ತಲೆನೋವು ಅಲ್ಲಿಗೇ ಹೋಯಿತು. ಬೆಂಗಳೂರಿಗೆ ಬಿಎಸ್-4 ಹೊಗೆ ನಿಯಮ ಬಂದದ್ದು 2010ರಲ್ಲಿ, ಗಾಡಿ ತನ್ನ ತೊಂದರೆ ತಾನೇ ಪತ್ತೆಹಚ್ಚುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅಂದರೆ ಯಾವ ಕಂಪನಿಯ ಕಾರಾದರೂ ಹೊಗೆಗೆ ಸಂಬಂಧಪಟ್ಟ ತೊಂದರೆಗಳನ್ನು ಒಂದೇ ತರಹದ ಕೋಡ್‌ಗಳಲ್ಲಿ ಹೇಳಲೇಬೇಕು. ಸ್ಟೀರಿಂಗ್ ಕೆಳಗೆ ಬಗ್ಗಿ ಟಾರ್ಚ್ ಬಿಡಿ. ಎಂಟೆಂಟು ಪಿನ್ನಿನ ಎರಡು ಸಾಲಿರುವ ಸಾಕೆಟ್ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಸಣ್ಣ ಮುಚ್ಚಳದ ಹಿಂದೆ ಅಡಗಿರುತ್ತದೆ.

ಈಗ ಸ್ಕ್ಯಾನರ್ ವಿಷಯ. ಎರಡು ಜಾತಿ ಇದೆ. ಒಂದು, ಸಾಕೆಟ್‌ಗೆ ಸಿಕ್ಕಿಸಿ ಫೋನಿನ ಆ್ಯಪ್‌ನಲ್ಲಿ ನೋಡುವ ಪುಟ್ಟ ಡಾಂಗಲ್. ಇನ್ನೊಂದು, ತನ್ನದೇ ಪರದೆ, ವೈರು ಇರುವ ಕೈಯಲ್ಲಿ ಹಿಡಿಯುವ ಯಂತ್ರ. ಅದಕ್ಕೆ ಬ್ಯಾಟರಿ ಬೇಡ, ಸಾಕೆಟ್‌ನಿಂದಲೇ ಕರೆಂಟ್ ತಗೊಳ್ಳುತ್ತದೆ, ಜೋಡಿಸಿದ ಕೂಡಲೇ ಕೆಲಸ ಶುರು. ನಿಮಗೆ ನಾನು ಹೇಳುವುದು ಎರಡನೆಯದನ್ನೇ. ಕೈಯೆಲ್ಲ ಗ್ರೀಸ್ ಆಗಿರುವಾಗ ಫೋನ್ ಹಿಡಿದು ಬ್ಲೂಟೂತ್ ಹುಡುಕುತ್ತಾ ಕೂರುವುದು ಯಾರಿಗೆ ಬೇಕು ಹೇಳಿ? ಕೆಲವು ಸಾವಿರ ರೂಪಾಯಿಗೆ ಲಾಂಚ್, ಆಟೆಲ್, ಆನ್ಸೆಲ್ ಕಂಪನಿಗಳ ಸಾಧಾರಣ ಮಾದರಿ ಸಿಗುತ್ತದೆ, ಮನೆ ಕೆಲಸಕ್ಕೆ ಅದು ಧಾರಾಳ. ಗ್ರಾಫ್ ನೋಡುವ, ಓಡಿಸುವಾಗಿನ ಲೆಕ್ಕ ಬರೆದಿಟ್ಟುಕೊಳ್ಳುವ ಹುಚ್ಚಿದ್ದರೆ ಒಳ್ಳೆ ಡಾಂಗಲ್ ತಗೊಳ್ಳಿ, ಆ ವಿಷಯದಲ್ಲಿ ಆ್ಯಪ್‌ಗಳೇ ಮುಂದು.

ಕಂಪನಿ ಹೆಸರಿಗಿಂತ ಅದು ಏನೇನು ತೋರಿಸುತ್ತದೆ ಅನ್ನುವುದನ್ನು ನೋಡಿ. ಬರೀ ಕೋಡ್ ಓದಿ ಅಳಿಸುವ ಅಗ್ಗದ ಯಂತ್ರ ಬೇಡವೇ ಬೇಡ. ಇಂಜಿನ್ ಓಡುತ್ತಿರುವಾಗಲೇ ಸೆನ್ಸರ್‌ಗಳ ಅಂಕಿ ತೋರಿಸಬೇಕು, ಅದಕ್ಕೆ ಲೈವ್ ಡೇಟಾ ಅನ್ನುತ್ತಾರೆ. ಲೈಟ್ ಇನ್ನೂ ಬರದಿದ್ದರೂ ಒಳಗೆ ಕೂತಿರುವ ಪೆಂಡಿಂಗ್ ಕೋಡ್ ಓದಬೇಕು. ಮುಖ್ಯವಾಗಿ ಫ್ರೀಜ್ ಫ್ರೇಮ್ ಇರಬೇಕು. ಕೋಡ್ ದಾಖಲಾದ ಕ್ಷಣದಲ್ಲಿ ಗಾಡಿಯ ವೇಗ, ಆರ್‌ಪಿಎಂ, ಕೂಲೆಂಟ್ ಬಿಸಿ, ಇಂಜಿನ್ ಮೇಲಿನ ಭಾರ ಎಷ್ಟಿತ್ತು ಅಂತ ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಬಂತೋ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಾದು ಕಾದು ಬಂತೋ, ನೈಸ್ ರೋಡಿನಲ್ಲಿ ಓಡುವಾಗ ಬಂತೋ ಅಂತ ಗೊತ್ತಾದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ನಿಮ್ಮ ಗ್ಯಾರೇಜಿನವರು ಮಾಡಿದ್ದು ಇದನ್ನೇ, ಲೈಟ್ ಜೊತೆ ಸುಳಿವನ್ನೂ ಒರೆಸಿ ಕಳಿಸಿದರು. ಈಗ ಲೈಟ್ ಮತ್ತೆ ಬಂದಿದೆಯಲ್ಲ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಸ್ಕ್ಯಾನರ್ ಬಂದ ಮೇಲೆ ಮೊದಲು ಎಲ್ಲವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ, ಅಳಿಸುವ ಮಾತು ಆಮೇಲೆ.

ಇನ್ನೊಂದು ಇದೆ, ರೆಡಿನೆಸ್ ಮಾನಿಟರ್. ಕೋಡ್ ಅಳಿಸಿದಾಗ ಗಾಡಿಯ ಸ್ವಂತ ಪರೀಕ್ಷೆಗಳೆಲ್ಲ ‘ಪೂರ್ತಿಯಾಗಿಲ್ಲ’ ಅಂತ ಮೊದಲಿಗೆ ಹೋಗುತ್ತವೆ, ಸ್ವಲ್ಪ ದಿನ ಓಡಿಸಿದ ಮೇಲೆ ಒಂದೊಂದಾಗಿ ಪೂರ್ತಿಯಾಗುತ್ತವೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಲೈಟ್ ಇಲ್ಲ ಅಂತ ಖುಷಿಪಡುವ ಮುಂಚೆ ಇದನ್ನು ನೋಡಿ. ಎಲ್ಲವೂ ಅಪೂರ್ಣ ಅಂತ ಬಂದರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಯಾಕೆ ಅಂತ ಕೇಳಲೇಬೇಕು ಅಲ್ವಾ?

ಹತ್ತಾರು ಸಾವಿರದ ಯಂತ್ರ ನಿಮಗೆ ಬೇಡ. ಎಬಿಎಸ್, ಏರ್‌ಬ್ಯಾಗ್, ಕೀ ಪ್ರೋಗ್ರಾಮಿಂಗ್, ಡೀಸೆಲ್ ಗಾಡಿಯ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿ ಸುಡುವುದು ಇವೆಲ್ಲ ಕಂಪನಿಗೊಂದು ಭಾಷೆ, ಸಾಮಾನ್ಯ ಸ್ಕ್ಯಾನರ್ ಅಲ್ಲಿ ಮೂಕ. ಎಬಿಎಸ್ ಲೈಟ್ ಬಂದ ದಿನ ದೊಡ್ಡ ಸ್ಕ್ಯಾನರ್ ಇರುವವರ ಹತ್ತಿರ ಹೋದರಾಯಿತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೊಳ್ಳುವುದಾದರೆ ಗಾಡಿಯನ್ನೇ ಒಯ್ದು, ಸಿಕ್ಕಿಸಿ, ಲೈವ್ ಡೇಟಾ ಬರುತ್ತಾ ನೋಡಿ ದುಡ್ಡು ಕೊಡಿ. ಅಲ್ಲಿ ಪಾರ್ಕಿಂಗ್ ಸಿಕ್ಕರೆ ಅಂತ ಸೇರಿಸಬೇಕಿತ್ತು. ಆನ್‌ಲೈನ್ ಆದರೆ ವಾಪಸ್ ಕೊಡುವ ಅವಕಾಶ ಇರುವ ಕಡೆಯೇ ತಗೊಳ್ಳಿ.

ಪ್ರಶ್ನೆ: ಅಗ್ಗದ ನೀಲಿ ಡಾಂಗಲ್ ತರಿಸಿದೆ. ನನ್ನ ಐಫೋನ್‌ಗೆ ಸಿಗುತ್ತಲೇ ಇಲ್ಲ. ಮಗಳ ಆಂಡ್ರಾಯ್ಡ್‌ಗೆ ಸಿಗುತ್ತದೆ, ಆದರೆ ಕಾರಿನ ಜೊತೆ ಮಾತಾಡುವುದಿಲ್ಲ. ಕಾರು 2006ರದ್ದು. (ಆರ್.ಆರ್. ನಗರ)

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ಹಳೆ ತರಹದ ಬ್ಲೂಟೂತ್ ಡಾಂಗಲ್ ಐಫೋನ್ ಜೊತೆ ಕೆಲಸ ಮಾಡುವುದಿಲ್ಲ, ಐಫೋನ್‌ಗೆ ವೈಫೈ ಅಥವಾ ಬ್ಲೂಟೂತ್ ಎಲ್‌ಇ (ಕಡಿಮೆ ಕರೆಂಟಿನ ಹೊಸ ತರಹದ ಬ್ಲೂಟೂತ್) ಇರುವುದು ಬೇಕು. ಇನ್ನು 2006ರ ಕಾರು. ಸಾಕೆಟ್ 16 ಪಿನ್ನಿನದೇ ಇದ್ದರೂ ಒಳಗಿನ ಭಾಷೆ ಕಂಪನಿಯ ಸ್ವಂತದ್ದಾಗಿರಬಹುದು, ಆಗ ಎಷ್ಟು ಒಳ್ಳೆ ಡಾಂಗಲ್ ತಂದರೂ ಅಷ್ಟೇ. ಇನ್ನೊಂದು ಹೊಸ ಕಾರಿಗೆ ಹಾಕಿ ನೋಡಿ. ಅಲ್ಲಿ ಓದಿದರೆ ಡಾಂಗಲ್ ಸರಿ ಇದೆ, ನಿಮ್ಮ ಕಾರಿಗೆ ಆ ಕಂಪನಿಯ ಗಾಡಿ ಬಲ್ಲ ಮೆಕ್ಯಾನಿಕ್ಕೇ ಗತಿ.

ಅಲ್ಲೂ ಓದದಿದ್ದರೆ ನಕಲಿ ಮಾಲು. ಇವೆಲ್ಲ ಇಎಲ್‌ಎಂ 327 ಅನ್ನುವ ಚಿಪ್‌ನ ಹೆಸರಲ್ಲಿ ಬರುತ್ತವೆ. ಅದನ್ನು ಮಾಡುತ್ತಿದ್ದ ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ಬಾಗಿಲು ಹಾಕಿದ್ದು 2022ರಲ್ಲಿ, ನಕಲು ಮಾತ್ರ ನಿಲ್ಲಲಿಲ್ಲ. ಪೆಟ್ಟಿಗೆ ಮೇಲೆ ‘ವಿ 1.5’ ಅಂತ ಹೆಮ್ಮೆಯಿಂದ ಬರೆದಿರುತ್ತಾರೆ, ಮೂಲ ಕಂಪನಿ ಆ ಆವೃತ್ತಿಯನ್ನು ಬಿಟ್ಟೇ ಇರಲಿಲ್ಲ! ಹಾಗಂತ ನಕಲೆಲ್ಲ ಕೆಟ್ಟದ್ದು ಅಂತಲ್ಲ, ಎಷ್ಟೋ ಕೆಲಸ ಮಾಡುತ್ತವೆ. ಯಾವುದು ಮಾಡುತ್ತದೆ ಅಂತ ಮುಂಚೆ ಹೇಳಲಾಗದು, ಅದೇ ತೊಂದರೆ.

ಪ್ರಶ್ನೆ: ಪಿ0113 ಕೋಡ್ ಬಂತು. ಅಂಗಡಿಯವರು ಗಾಳಿ ಬಿಸಿ ಅಳೆಯುವ ಸೆನ್ಸರ್ ಹೋಗಿದೆ, ಬದಲಿಸಿ ಅಂದರು. ಬದಲಿಸಿದೆ. ಲೈಟ್ ಹಾಗೇ ಇದೆ. (ವೈಟ್‌ಫೀಲ್ಡ್)

ಉತ್ತರ: ನೀವು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಗಾಡಿ ನಿಲ್ಲಿಸುತ್ತೀರಾ? ಹಾಗಾದರೆ ಮೊದಲ ಅನುಮಾನ ಇಲಿ ಮೇಲೆ. ಪಿ0113 ಹೇಳುವುದು ‘ಆ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ’ ಅಂತ ಅಷ್ಟೇ. ಸೆನ್ಸರ್ ಸುಟ್ಟರೂ ಹಾಗೇ ಬರುತ್ತದೆ, ಕನೆಕ್ಟರ್ ಸಡಿಲವಾದರೂ ಬರುತ್ತದೆ, ಇಲಿ ವೈರ್ ಕಡಿದರೂ ಬರುತ್ತದೆ. ಕೋಡ್ ನೋಡಿ ಸೀದಾ ಸ್ಪೇರ್ಸ್ ಅಂಗಡಿಗೆ ಓಡುವವರಿಂದಲೇ ಎಷ್ಟೋ ಅಂಗಡಿಗಳ ಬಾಡಿಗೆ ಹುಟ್ಟುತ್ತಿದೆ ಅಂತ ನನಗೆ ಗುಮಾನಿ.

ಲೈವ್ ಡೇಟಾದಲ್ಲಿ ಇನ್‌ಟೇಕ್ ಗಾಳಿಯ ಬಿಸಿ ನೋಡಿ. ಮೈನಸ್ 40 ಡಿಗ್ರಿ ತೋರಿಸುತ್ತಿದೆಯಾ? ಬೆಂಗಳೂರಿನ ಚಳಿಗಾಲ ಎಷ್ಟೇ ಜೋರಾದರೂ ಮೈನಸ್ 40 ಆಗದು. ಸರ್ಕ್ಯೂಟ್ ಎಲ್ಲೋ ತುಂಡಾಗಿದೆ ಅಂತ ಅರ್ಥ. ನಿಮ್ಮ ಸೆನ್ಸರ್ ಎರಡೇ ವೈರಿನದಾದರೆ ಕನೆಕ್ಟರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ಸಣ್ಣ ತಂತಿಯಿಂದ ಜೋಡಿಸಿ ಮತ್ತೆ ಪರದೆ ನೋಡಿ. ಅಂಕಿ ಒಮ್ಮೆಲೇ ನೂರಕ್ಕೂ ಮೇಲೆ ಹಾರಿದರೆ ವೈರು, ಕಂಪ್ಯೂಟರ್ ಎರಡೂ ಸರಿ. ಆಗ ಹೊಸ ಸೆನ್ಸರ್ರೋ ಅದರ ಪಿನ್ನೋ ಕೆಟ್ಟಿದೆ. ಮೈನಸ್ 40 ಅಲುಗದಿದ್ದರೆ ವೈರು ಹಿಡಿದು ಹಿಂದಕ್ಕೆ ಹೋಗಿ, ಕಡಿದ ಜಾಗ ಸಿಗುತ್ತದೆ. ನಾಲ್ಕೈದು ವೈರಿನ ಸೆನ್ಸರ್ ಆದರೆ ಈ ತಂತಿ ಆಟ ಬೇಡ, ತಪ್ಪು ಪಿನ್ ಮುಟ್ಟಿದರೆ ಬೇರೆಯದು ಸುಡುತ್ತದೆ. ಅಲ್ಲಿ ಮಲ್ಟಿಮೀಟರ್‌ನಿಂದಲೇ ನೋಡಿ. ಸ್ಕ್ಯಾನರ್ ಜೊತೆ ಒಂದು ಮಲ್ಟಿಮೀಟರ್ ಕೊಳ್ಳಲೇಬೇಕು. ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ.

ಪ್ರಶ್ನೆ: ಡಾಂಗಲ್ ಸದಾ ಸಿಕ್ಕಿಸಿಯೇ ಬಿಡಬಹುದಾ? (ಜಯನಗರ)

ಉತ್ತರ: ಬೇಡ. 16ನೇ ಪಿನ್ನಿಗೆ ಬ್ಯಾಟರಿ ಕರೆಂಟ್ ಕೀ ತೆಗೆದಿದ್ದರೂ ಬರುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಓಡುವ ಗಾಡಿಯಾದರೆ ಬ್ಯಾಟರಿ ಕೂತುಬಿಡಬಹುದು.

ಪ್ರಶ್ನೆ: ಜೋರು ಮಳೆಯಲ್ಲಿ ಅಂಡರ್‌ಪಾಸ್ ನೀರು ದಾಟಿದ ಮೇಲೆ ಇಂಜಿನ್ ಲೈಟ್ ಮಿಟುಕಲು ಶುರುವಾಯಿತು, ಗಾಡಿ ನಡುಗುತ್ತಿತ್ತು. ಮನೆಗೆ ಬಂದು ಸ್ಕ್ಯಾನ್ ಮಾಡಿದರೆ ಪಿ0301. ಅಳಿಸಿದೆ, ಮತ್ತೆ ಬಂತು. (ಮಲ್ಲೇಶ್ವರ)

ಉತ್ತರ: ಸುಮ್ನೆ ಹತ್ತಿರುವ ಲೈಟ್ ಬೇರೆ, ಮಿಟುಕುವ ಲೈಟ್ ಬೇರೆ. ಮಿಟುಕಿದರೆ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಜೋರಾಗಿದೆ, ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಕಾಯಿಸಿ ಹಾಳುಮಾಡಬಹುದು ಅಂತ ಅರ್ಥ. ಅದರ ಬೆಲೆ ಕೇಳಿದರೆ ನಿಮ್ಮ ಎದೆಯೂ ನಡುಗುತ್ತದೆ. ಮುಂದಿನ ಸಲ ಮೆಲ್ಲಗೆ ಪಕ್ಕಕ್ಕೆ ತಗೊಂಡು ಇಂಜಿನ್ ಆಫ್ ಮಾಡಿಬಿಡಿ.

ಪಿ0301 ಅಂದರೆ ಒಂದನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಇಂಜಿನ್ ತಣ್ಣಗಾದ ಮೇಲೆ ಒಂದನೇ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್ (ಪ್ಲಗ್‌ನ ಕಿಡಿಗೆ ಕರೆಂಟ್ ಕೊಡುವ ಭಾಗ) ತೆಗೆದು ಎರಡನೆಯದಕ್ಕೆ ಹಾಕಿ, ಎರಡನೆಯದನ್ನು ಒಂದಕ್ಕೆ ಹಾಕಿ. ಪ್ಲಗ್ ಗುಂಡಿಯಲ್ಲಿ ನೀರು ನಿಂತಿದ್ದರೆ ಆಗಲೇ ಕಾಣುತ್ತದೆ, ಒರೆಸಿ ಒಣಗಿಸಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಈಗ ಪಿ0302 ಬಂದರೆ ತಪ್ಪು ಕಾಯಿಲ್‌ನದು, ಅದೊಂದನ್ನೇ ಬದಲಿಸಿ. ಪಿ0301 ಕದಲದಿದ್ದರೆ ಪ್ಲಗ್‌ಗೂ ಇದೇ ಅದಲುಬದಲು ಮಾಡಿ. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಟರ್, ಕಂಪ್ರೆಶನ್ ಕಡೆ ನೋಡಬೇಕು, ಅಲ್ಲಿಂದ ಮುಂದೆ ಮೆಕ್ಯಾನಿಕ್‌ಗೆ ಬಿಡಿ.

ಪ್ರಶ್ನೆ: ಲೈಟ್ ಏನೂ ಇಲ್ಲ. ಆದರೆ ಆ್ಯಪ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಪ್ಲಸ್ 7 ತೋರಿಸುತ್ತಿದೆ. ಮುಂಚೆ 1, 2 ಇರುತ್ತಿತ್ತು. ಗಾಬರಿ ಪಡಬೇಕಾ? (ಕೆಂಗೇರಿ)

ಉತ್ತರ: ಬೇಡ. ಟ್ರಿಮ್ ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಬಿಡುತ್ತಿದೆ ಅನ್ನುವುದು. ಬಂಕ್‌ಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕ ಇದೆ, ಹಾಗಾಗಿ ಅದು ಉರಿಯಲು ಗಾಳಿ ಕಡಿಮೆ ಸಾಕು. ಬರೀ ಪೆಟ್ರೋಲ್ 1 ಕೆ.ಜಿ.ಗೆ 14.7 ಕೆ.ಜಿ. ಗಾಳಿ ಬೇಕಾದರೆ ಇ20ಗೆ ಸುಮಾರು 13.5. ಅದೇ ಗಾಳಿಗೆ ಇಂಧನ ಜಾಸ್ತಿ ಬಿಡಬೇಕು, ಟ್ರಿಮ್ ಕೆಲವು ಅಂಕ ಮೇಲೇರುತ್ತದೆ. ಹತ್ತರೊಳಗೆ ಇರುವವರೆಗೆ ತಲೆ ಕೆಡಿಸಿಕೊಳ್ಳಬೇಡಿ.

ಏರುತ್ತಾ 15, 20 ಆದರೆ ಪಿ0171 (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನುವ ಕೋಡ್) ಬರುವ ದಿನ ದೂರವಿಲ್ಲ. ಆಗ ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಟ್ರಿಮ್ ಎಷ್ಟು, 2,500 ಆರ್‌ಪಿಎಂಗೆ ಏರಿಸಿ ಹಿಡಿದಾಗ ಎಷ್ಟು, ಎರಡನ್ನೂ ಬರೆದುಕೊಳ್ಳಿ. ಐಡಲ್‌ನಲ್ಲಿ ಜಾಸ್ತಿ ಇದ್ದು ಆರ್‌ಪಿಎಂ ಏರಿಸಿದಾಗ ಇಳಿದರೆ ಎಲ್ಲೋ ಹೋಸ್ ಬಿರಿದು ಕಳ್ಳಗಾಳಿ ಒಳಗೆ ಹೋಗುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು ಏರು ರಸ್ತೆಯಲ್ಲಿ, ಭಾರ ಬಿದ್ದಾಗ ಏರಿದರೆ ಫ್ಯೂಯಲ್ ಫಿಲ್ಟರ್, ಪಂಪ್ ನೋಡಿಸಿ. ಎರಡೂ ಅಂಕಿ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ನೋಡೋಣ.