ಮಾರ್ಚಿನ ಒಂದು ದಿನಕ್ಕೆ ಲಾಲ್‌ಬಾಗ್, ಕಬ್ಬನ್ ಪಾರ್ಕ್, ಮ್ಯೂಸಿಯಂ: ಆಗುತ್ತೆ, ಆದರೆ ಸೋಮವಾರ ಬೇಡ

ಮಂಡಿನೋವಿರುವ ಅಮ್ಮನನ್ನು ಕರ್ಕೊಂಡು ಒಂದೇ ದಿನದಲ್ಲಿ ಬೆಂಗಳೂರಿನ ತೋಟ, ಮ್ಯೂಸಿಯಂ ಎರಡೂ ನೋಡೋಕಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ಸೋಮವಾರ ಮಾತ್ರ ಬೇಡ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಅವತ್ತು ರಜೆ.

ಬೆಳಿಗ್ಗೆ ಏಳಕ್ಕೇ ಲಾಲ್‌ಬಾಗ್ ಸೇರಿಬಿಡಿ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ, ಈಗ 240 ಎಕರೆ. ಪೂರ್ತಿ ಸುತ್ತೋ ಹಟ ಬೇಡ. ಗಾಜಿನಮನೆ, ಕೆರೆ ಏರಿ ಸಾಕು. ಕೆಂಪೇಗೌಡ ಗೋಪುರದ ಬಂಡೆ ಸುಮಾರು 300 ಕೋಟಿ ವರ್ಷ ಹಳೇದು. ಅಮ್ಮ ಹತ್ತೋದು ಬೇಡ, ಕೆಳಗಿಂದಲೇ ಮುಟ್ಟಿ ನೋಡಲಿ! ಹೊಂಗೆ ಚಿಗುರು ಆಗ ಎಷ್ಟು ಎಳೆ ಹಸಿರು ಅಂದ್ರೆ, ನನಗಂತೂ ಹೂವಿಗಿಂತ ಅದೇ ಇಷ್ಟ.

ಹೊರಗೆ ಬಂದು ರವೆ ಇಡ್ಲಿ ತಿಂದು, ಬಿಸಿಲೇರಿದ ಮೇಲೆ ಕಲಾ ಗ್ಯಾಲರಿಗೆ ಹೋಗಿ. ಹಳೇ ಮಾಣಿಕ್ಯವೇಲು ಬಂಗಲೆ ಅದು, ಅಂಗಳದ ಮರದ ನೆರಳೇ ಅರ್ಧ ಸುಖ. ಜೊತೆಗೆ ಮಕ್ಕಳಿದ್ರೆ ಮಾತ್ರ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ. ಎರಡನ್ನೂ ತುರುಕಬೇಡಿ.

ಸಂಜೆ ನಾಲ್ಕರ ಮೇಲೆ ಕಬ್ಬನ್ ಪಾರ್ಕ್. ಟಬೂಬಿಯಾ ಹೂ ಉದುರಿ ನೆಲವೆಲ್ಲ ಗುಲಾಬಿ ಆಗಿರುತ್ತೆ, ಅದೃಷ್ಟ ಇದ್ರೆ. ಅಮ್ಮನಿಗೆ ಕಲ್ಲುಬೆಂಚು ತಣ್ಣಗಿರುತ್ತೆ, ಒಂದು ಟವೆಲ್ ಇಟ್ಕೊಳ್ಳಿ.