ಗಲ್ಲಾಪೆಟ್ಟಿಗೆಯಲ್ಲಿ ಸೋತ ‘ಶಾಶ್ಯಾಂಕ್’ ಕ್ಯಾಸೆಟ್ಟಿನಲ್ಲಿ ಗೆದ್ದದ್ದು ಹೇಗೆ?

ಜೈಲಿನ ಕತೆಯ ಇಂಗ್ಲಿಷ್ ಚಿತ್ರ ‘ದಿ ಶಾಶ್ಯಾಂಕ್ ರಿಡೆಂಪ್ಷನ್’ ಚಿತ್ರಮಂದಿರಗಳಲ್ಲಿ ನಿಜಕ್ಕೂ ಸೋತಿತ್ತೇ, ಸೋತಿದ್ದರೆ ಕ್ಯಾಸೆಟ್ಟು ಮತ್ತು ಡಿ.ವಿ.ಡಿ.ಗಳಿಂದ ಹಣ ಬಂತೇ ಎಂದು ಕೇಳಿದ್ದೀರಿ. ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ಒಂಬತ್ತು ವರ್ಷ ಸಿ.ಡಿ. ಬಾಡಿಗೆ ಅಂಗಡಿ ನಡೆಸಿದವನು ನಾನು. ಈ ಚಿತ್ರ ನನ್ನ ಕಪಾಟಿನಲ್ಲಿ ಬಾಳಿದ ಬಗೆಯನ್ನು ಹತ್ತಿರದಿಂದ ಕಂಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸೋತದ್ದು ನಿಜ. 1994ರ ಸೆಪ್ಟೆಂಬರ್ 23ರಂದು ಅಮೆರಿಕದ 33 ಚಿತ್ರಮಂದಿರಗಳಲ್ಲಿ ಮಾತ್ರ ತೆರೆಕಂಡ ಚಿತ್ರ ಅದು. ಅಕ್ಟೋಬರ್ 14ರಂದು ಒಂಬೈನೂರಕ್ಕೂ ಹೆಚ್ಚು ಚಿತ್ರಮಂದಿರಗಳಿಗೆ ಹೋಯಿತು. ಅದೇ ದಿನ ‘ಪಲ್ಪ್ ಫಿಕ್ಷನ್’ ಕೂಡ ದೊಡ್ಡ ಪ್ರಮಾಣದಲ್ಲಿ ಬಂತು. ಜುಲೈಯಲ್ಲಿ ಬಂದಿದ್ದ ‘ಫಾರೆಸ್ಟ್ ಗಂಪ್’ನ ಓಟ ಇನ್ನೂ ನಿಂತಿರಲಿಲ್ಲ. ಎರಡೂವರೆ ಕೋಟಿ ಡಾಲರ್ ಖರ್ಚಿನ ಚಿತ್ರ ಮೊದಲ ಸುತ್ತಿನಲ್ಲಿ ಗಳಿಸಿದ್ದು ಸುಮಾರು 1.6 ಕೋಟಿ. ಮುಂದಿನ ವರ್ಷ ಆಸ್ಕರ್‌ಗೆ 7 ನಾಮನಿರ್ದೇಶನಗಳು ಬಂದಾಗ ಮತ್ತೆ ತೆರೆಗೆ ತಂದರು. ಆಗ ಒಟ್ಟು ಗಳಿಕೆ 2.83 ಕೋಟಿಗೆ ಏರಿತು. ಪ್ರಶಸ್ತಿ ಮಾತ್ರ ಒಂದೂ ಸಿಗಲಿಲ್ಲ.

ಇಲ್ಲಿ ಅನೇಕರು ಲೆಕ್ಕ ತಪ್ಪುತ್ತಾರೆ. ಎರಡೂವರೆ ಕೋಟಿ ಹಾಕಿದ್ದಕ್ಕೆ 2.83 ಕೋಟಿ ಬಂತಲ್ಲ, ಅಸಲು ಹುಟ್ಟಿತಲ್ಲ ಎನ್ನುತ್ತಾರೆ. ಟಿಕೆಟ್ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರದವರ ಪಾಲು. ಪ್ರಿಂಟು ಮತ್ತು ಪ್ರಚಾರದ ಖರ್ಚು ಆ ಎರಡೂವರೆ ಕೋಟಿಯಿಂದ ಹೊರಗಿನದು. ಚಿತ್ರಮಂದಿರದ ಲೆಕ್ಕ ಮುಗಿಸಿದ ದಿನ ಅದು ಸ್ಪಷ್ಟವಾಗಿ ನಷ್ಟದ ಚಿತ್ರ.

ಹೆಸರೇ ಮುಳುವಾಯಿತು ಎಂದು ಅದರಲ್ಲಿ ನಟಿಸಿದ ಮಾರ್ಗನ್ ಫ್ರೀಮನ್ ಹೇಳಿದ್ದಾರೆ. ನೋಡಿದವರಿಗೂ ಅದನ್ನು ಇನ್ನೊಬ್ಬರಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ನಾನು ಇದನ್ನು ಪೂರ್ತಿ ನಂಬುತ್ತೇನೆ. ನನ್ನ ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಆ ಹೆಸರು ಹಿಡಿದು ಕೇಳಿದ್ದಿಲ್ಲ. ‘ಆ ಜೈಲಿನ ಸಿನಿಮಾ ಇದೆಯಾ?’ ಎನ್ನುತ್ತಿದ್ದರು. ಖಾತೆ ಪುಸ್ತಕದಲ್ಲಿ ನಾನೂ ‘ಜೈಲು, ಇಂಗ್ಲಿಷ್’ ಎಂದೇ ಬರೆದುಕೊಳ್ಳುತ್ತಿದ್ದೆ.

ಇನ್ನು ಕ್ಯಾಸೆಟ್ಟಿನ ವಿಷಯ. ಚಿತ್ರಮಂದಿರದಲ್ಲಿ ಮಲಗಿದ ಈ ಚಿತ್ರದ 3,20,000 ಕ್ಯಾಸೆಟ್ಟುಗಳನ್ನು ವಾರ್ನರ್ ಸಂಸ್ಥೆ 1995ರಲ್ಲಿ ಅಮೆರಿಕದ ಬಾಡಿಗೆ ಅಂಗಡಿಗಳಿಗೆ ಕಳಿಸಿತು. ಸೋತ ಚಿತ್ರಕ್ಕೆ ಅದು ದೊಡ್ಡ ಧೈರ್ಯ. ಆ ವರ್ಷ ಅಲ್ಲಿ ಅತಿ ಹೆಚ್ಚು ಬಾಡಿಗೆಗೆ ಹೋದ ಚಿತ್ರಗಳ ಸಾಲಿಗೆ ಇದು ಸೇರಿತು. ಆದರೆ ಬಾಡಿಗೆಯ ಹಣ ಯಾರಿಗೆ ಹೋಗುತ್ತದೆ ಎನ್ನುವುದನ್ನು ನೀವು ತಿಳಿಯಬೇಕು. ಆ ಕಾಲದ ಪದ್ಧತಿಯಲ್ಲಿ ಅಂಗಡಿಯವನು ಒಮ್ಮೆ ಹೆಚ್ಚಿನ ಬೆಲೆ ಕೊಟ್ಟು ಕ್ಯಾಸೆಟ್ ಕೊಂಡರೆ, ಅನಂತರ ಅದು ನೂರು ಮನೆಗೆ ಹೋದರೂ ಆ ಬಾಡಿಗೆಯೆಲ್ಲ ಅವನದೇ. ನಿರ್ಮಾಪಕರಿಗೆ ಬರುತ್ತಿದ್ದದ್ದು ಮಾರಾಟದ ಹಣ ಮಾತ್ರ. ಹಾಗಾಗಿ ಎಷ್ಟು ಮನೆಗಳಲ್ಲಿ ನೋಡಿದರು ಎಂಬುದೂ ನಿರ್ಮಾಪಕರಿಗೆ ಎಷ್ಟು ಬಂತು ಎಂಬುದೂ ಬೇರೆ ಬೇರೆ ಲೆಕ್ಕ.

ನನ್ನ ಅಂಗಡಿಯಲ್ಲೂ ನಡೆದದ್ದು ಅದೇ. ಚಿತ್ರದ ಅವಧಿ 142 ನಿಮಿಷ. ಒಂದು ವಿ.ಸಿ.ಡಿ.ಯಲ್ಲಿ ಹಿಡಿಸುವುದು ಸುಮಾರು 75 ನಿಮಿಷ. ಆದ್ದರಿಂದ ಎರಡು ಡಿಸ್ಕ್‌ಗಳ ಜೋಡಿ. ತಂದ ಮೊದಲ ಎರಡು ತಿಂಗಳು ಯಾರೂ ಮುಟ್ಟಲಿಲ್ಲ. ಕಾಲೇಜಿನ ಉಪನ್ಯಾಸಕರೊಬ್ಬರು ಒಯ್ದರು. ಮರುವಾರ ಅವರ ವಿದ್ಯಾರ್ಥಿಗಳು ಬಂದರು, ಆಮೇಲೆ ಆ ವಿದ್ಯಾರ್ಥಿಗಳ ಅಣ್ಣಂದಿರು, ಮಾವಂದಿರು. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಪೇಟೆಗೆ ಬಂದವರು ವಾರಕ್ಕಾಗುವಷ್ಟು ಸಿ.ಡಿ.ಗಳನ್ನು ಒಟ್ಟಿಗೆ ಒಯ್ಯುತ್ತಿದ್ದರು. ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಆ ಕಡೆ ಎರಡು ಮೂರು ದಿನ ಕರೆಂಟು ಇರುತ್ತಿರಲಿಲ್ಲ. ‘ಮೊದಲನೆಯ ಡಿಸ್ಕ್ ಮುಗಿಯಿತು, ಎರಡನೆಯದು ಹಾಕುವಷ್ಟರಲ್ಲಿ ಕರೆಂಟು ಹೋಯಿತು, ಇನ್ನೆರಡು ದಿನ ಇಟ್ಟುಕೊಳ್ಳುತ್ತೇವೆ’ ಎಂದು ಫೋನ್ ಮಾಡುತ್ತಿದ್ದರು. ಬೇರೆ ಚಿತ್ರಗಳನ್ನಾದರೆ ಅರ್ಧ ನೋಡಿ ಹಿಂದಿರುಗಿಸಿದವರು ಬೇಕಾದಷ್ಟು ಜನ. ಇದನ್ನು ಅರ್ಧಕ್ಕೆ ಬಿಟ್ಟವರ ನೆನಪು ನನಗಿಲ್ಲ. ಗೀರು ಬಿದ್ದು ಹಾಳಾದ ಮೇಲೆ ಎರಡು ಸಲ ಹೊಸ ಜೋಡಿ ತಂದೆ. ಅಂದರೆ ಇಷ್ಟೆಲ್ಲ ಮನೆಗಳಿಗೆ ಹೋದ ಚಿತ್ರದಿಂದ ಕಂಪನಿಗೆ ನನ್ನಿಂದ ಸಂದದ್ದು ಮೂರು ಜೋಡಿಯ ಬೆಲೆ ಅಷ್ಟೇ.

ಇದನ್ನು ಮನೆಮಾತಾಗಿಸಿದ ಇನ್ನೊಂದು ದಾರಿ ಟಿ.ವಿ. ಚಿತ್ರವನ್ನು ತಯಾರಿಸಿದ ಕ್ಯಾಸಲ್ ರಾಕ್ ಸಂಸ್ಥೆಯನ್ನು ಟೆಡ್ ಟರ್ನರ್ ಅವರ ಕಂಪನಿ 1993ರಲ್ಲೇ ಕೊಂಡಿತ್ತು. ಹಾಗಾಗಿ ಅವರದೇ ಟಿ.ಎನ್.ಟಿ. ವಾಹಿನಿಗೆ ಪ್ರಸಾರದ ಹಕ್ಕು ಕಡಿಮೆ ದರಕ್ಕೆ ಸಿಕ್ಕಿತು. 1997ರಿಂದ ಅದು ಮತ್ತೆ ಮತ್ತೆ ತೋರಿಸಿತು. ಅಗ್ಗಕ್ಕೆ ಸಿಕ್ಕಿದ್ದರಿಂದಲೇ ಅಷ್ಟು ಸಲ ತೋರಿಸಲು ಸಾಧ್ಯವಾಯಿತು. ಪ್ರೇಕ್ಷಕರು ಕೊಡುವ ಅಂಕಗಳ ಮೇಲೆ ಚಿತ್ರಗಳಿಗೆ ಸ್ಥಾನ ನೀಡುವ ಐ.ಎಂ.ಡಿ.ಬಿ. ಜಾಲತಾಣದ ಪಟ್ಟಿಯಲ್ಲಿ 2008ರಿಂದ ಇದು ಮೊದಲ ಸ್ಥಾನದಲ್ಲಿರುವುದಕ್ಕೆ ನನ್ನ ದೃಷ್ಟಿಯಲ್ಲಿ ಆಸ್ಕರ್ ನಾಮನಿರ್ದೇಶನಗಳಿಗಿಂತ ಈ ಮರುಪ್ರಸಾರಗಳೇ ದೊಡ್ಡ ಕಾರಣ.

ನಮ್ಮ ‘ಓಂ’ ಇದಕ್ಕೆ ಸರಿಯಾಗಿ ವಿರುದ್ಧ ದಾರಿ ಹಿಡಿಯಿತು. ಉಪೇಂದ್ರ ನಿರ್ದೇಶನದ, ಶಿವರಾಜ್‌ಕುಮಾರ್ ನಟಿಸಿದ ಆ ಚಿತ್ರ 1995ರದು. ಮೊದಲ ಓಟದಲ್ಲೇ ಗೆದ್ದಿತ್ತು, ಆಮೇಲೆ ಐನೂರಕ್ಕೂ ಹೆಚ್ಚು ಬಾರಿ ಮರುಬಿಡುಗಡೆಯಾಯಿತು. 2015ರವರೆಗೆ ಟಿ.ವಿ.ಗೆ ಕೊಡಲೇ ಇಲ್ಲ. ನೋಡಬೇಕೆಂದವರು ಚಿತ್ರಮಂದಿರಕ್ಕೇ ಹೋಗಬೇಕಿತ್ತು. ಶಿವಮೊಗ್ಗದಲ್ಲಿ ನಾನು ಅದನ್ನು ನಾಲ್ಕು ಸಲ ನೋಡಿದ್ದೇನೆ, ನಾಲ್ಕೂ ಮರುಬಿಡುಗಡೆಯಲ್ಲಿ. ‘ಓಂ’ ಸಿ.ಡಿ. ಇದೆಯೇ ಎಂದು ನನ್ನ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಇಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತು. ಬಾಗಿಲು ಮುಚ್ಚಿಟ್ಟೇ ಹಸಿವು ಉಳಿಸಿಕೊಂಡ ಚಿತ್ರ ಅದು. ಶಾಶ್ಯಾಂಕ್ ಎಲ್ಲ ಬಾಗಿಲನ್ನೂ ತೆರೆದಿಟ್ಟು ಜನರ ಬಾಯಿಗೆ ಬಿದ್ದಿತು.

ಕೊನೆಗೆ ಹಣ ಬಂತೇ ಎಂದರೆ, ಬಂತು, ಈಗಲೂ ಬರುತ್ತಿದೆ. ಜೈಲಿನ ಮುಖ್ಯಾಧಿಕಾರಿಯ ಪಾತ್ರ ಮಾಡಿದ ಬಾಬ್ ಗಂಟನ್ 2014ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ ಮಾತು ಇದಕ್ಕೆ ಸಾಕ್ಷಿ: ಇಪ್ಪತ್ತು ವರ್ಷ ಕಳೆದರೂ ಅವರಿಗೆ ಈ ಚಿತ್ರದಿಂದ ಗಣನೀಯ ಆದಾಯ ಬರುತ್ತಲೇ ಇತ್ತು. ಅಲ್ಲಿ ಟಿ.ವಿ. ಮತ್ತು ವಿಡಿಯೊ ಗಳಿಕೆಯಲ್ಲಿ ನಟರಿಗೂ ಪಾಲು ಸಲ್ಲುತ್ತದೆ, ಅದಕ್ಕೆ ಅವರ ಸಂಘ ಮಾಡಿಕೊಂಡ ಒಪ್ಪಂದವಿದೆ. ನಮ್ಮಲ್ಲಿ ಪೋಷಕ ನಟರಿಗೆ ಸಾಮಾನ್ಯವಾಗಿ ಒಮ್ಮೆ ಸಂಭಾವನೆ ಕೊಟ್ಟರೆ ಮುಗಿಯಿತು. ಹಳೆಯ ಕನ್ನಡ ಚಿತ್ರಗಳ ಸಿ.ಡಿ.ಗಳನ್ನು ಬಾಡಿಗೆಗೆ ಕೊಟ್ಟು ಒಂಬತ್ತು ವರ್ಷ ನನ್ನ ಸಂಸಾರ ನಡೆಯಿತು. ಆ ಚಿತ್ರಗಳಲ್ಲಿ ಮೂರೇ ದೃಶ್ಯಗಳಲ್ಲಿ ಬಂದು ನಮ್ಮನ್ನು ಅಳಿಸಿ ಹೋದವರ ಮನೆಗೆ ಅದರಿಂದ ಒಂದು ರೂಪಾಯಿಯೂ ಹೋಗಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.