ಬಂಡೆಗೂ ಮಣ್ಣಿನ ಬಯಲಿಗೂ ಒಂದೇ ರಿಮೋಟ್ ಕಾರು ಸಾಕಾಗುತ್ತದೆಯೇ?

ಸಾಕಾಗುವುದಿಲ್ಲ. ಬಂಡೆ ಹತ್ತಿಸಲು ಕ್ರಾಲರ್, ಅಂದರೆ ನಿಧಾನವಾಗಿ ಹತ್ತುವ ಗಾಡಿ ಬೇಕು. ಗಟ್ಟಿ ಮಣ್ಣಿನ ಬಯಲಲ್ಲಿ ಜೋರಾಗಿ ಓಡಿಸಲು ಬಗ್ಗಿ (buggy), ಅಂದರೆ ತಗ್ಗಾದ, ವೇಗದ ಗಾಡಿ ಬೇಕು.

ಮುಖ್ಯ ವ್ಯತ್ಯಾಸ ಇರುವುದು ಡಿಫರೆನ್ಷಿಯಲ್‌ನಲ್ಲಿ, ಅಂದರೆ ಎಡ-ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯಲ್ಲಿ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕಲ್ವಾ, ಅದಕ್ಕೇ ಬಗ್ಗಿಗೆ ಇದು ಬೇಕು. ಆದರೆ ಬಂಡೆಯ ಮೇಲೆ ಒಂದು ಚಕ್ರ ಗಾಳಿಗೆ ಎದ್ದರೆ ಅದೊಂದೇ ಸುಮ್ನೆ ಗಿರ್ರನೆ ತಿರುಗುತ್ತದೆ, ಹಿಡಿತ ಇರುವ ಚಕ್ರ ನಿಂತುಬಿಡುತ್ತದೆ. ಹಾಗಾಗಿ ಕ್ರಾಲರ್‌ನಲ್ಲಿ ಸಾಮಾನ್ಯವಾಗಿ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಲಾಕ್ ಮಾಡಿರುತ್ತಾರೆ. ಕ್ರಾಲರ್‌ಗೆ ವೇಗವೂ ಕಡಿಮೆ, ಎಳೆಯುವ ಬಲ ಜಾಸ್ತಿ.

ಹುಲ್ಲು, ಗುಂಡಿ ಇರುವ ಜಾಗಕ್ಕೆ ದೊಡ್ಡ ಚಕ್ರದ ಮಾನ್‌ಸ್ಟರ್ ಟ್ರಕ್ ವಾಸಿ. ಬಗ್ಗಿಯ ಹೊಟ್ಟೆ ಹುಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಗಾಡಿಯಾದರೆ 1/10 ಅಳತೆಯ (ನಿಜವಾದ ಗಾಡಿಯ ಹತ್ತನೇ ಒಂದರಷ್ಟು) ಮಾನ್‌ಸ್ಟರ್ ಟ್ರಕ್ಕನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.